ಹದಿನಾಲ್ಕು ಡಾಲರಿನ ನೇರಳೆ

1968ರ ಕೊನೆಯ ದಿನಗಳು. ಅಮೆರಿಕದ ಇಲಿನಾಯ್ ರಾಜ್ಯದ ಲಾ ಹಾರ್ಪ್ ಎಂಬ ಪುಟ್ಟ ಊರಿನಲ್ಲಿ ಶೆವ್ರೊಲೆ ಕಾರುಗಳನ್ನು ಮಾರುತ್ತಿದ್ದ ಫ್ರೆಡ್ ಗಿಬ್ ಅವರ ಶೋರೂಮಿಗೆ ಲಾರಿಯಲ್ಲಿ ಎರಡು ಹೊಸ ಕಮಾರೊ ಬಂದಿಳಿದವು. ಎರಡೂ ಮುಸ್ಸಂಜೆಯ ನೀಲಿ. ಕಂಪನಿಯ ಪಟ್ಟಿಯಲ್ಲಿ ಆ ಬಣ್ಣದ ಹೆಸರು ಡಸ್ಕ್ ಬ್ಲೂ. ಮೈಮೇಲೆ ಪಟ್ಟೆಯಿಲ್ಲ, ಎಂಜಿನ್ನಿನ ಹಿರಿಮೆ ಸಾರುವ ಬಿಲ್ಲೆಯಿಲ್ಲ, ಚಕ್ರಗಳಿಗೆ ಅತಿ ಅಗ್ಗದ ಮುಚ್ಚಳ. ಗಾಳಿ ಒಳಸೇರಲೆಂದು ಬಾನೆಟ್ಟಿನ ನಡುವೆ ಎತ್ತಿದ ಉಬ್ಬೊಂದನ್ನು ಬಿಟ್ಟರೆ ಕಣ್ಣು ಹಾಯಿಸಲು ಅಲ್ಲಿ ಏನೂ ಇರಲಿಲ್ಲ. ಆ ಬಾನೆಟ್ ಎತ್ತಿದವರಿಗೆ ಮಾತ್ರ ವಿಷಯ ತಿಳಿಯುತ್ತಿತ್ತು. ಒಳಗಿದ್ದದ್ದು ಅಲ್ಯೂಮಿನಿಯಂನಲ್ಲೇ ಎರಕ ಹೊಯ್ದ 427 ಘನ ಇಂಚಿನ, ಅಂದರೆ ಏಳು ಲೀಟರಿನ ರೇಸ್ ಎಂಜಿನ್. ಜೆಡ್‌ಎಲ್-1 ಎಂಬುದು ಅದರ ಗುರುತು. ಕಾಗದದಲ್ಲಿ 430 ಅಶ್ವಶಕ್ತಿ ಎಂದು ಬರೆದಿದ್ದರೂ ನಿಜಕ್ಕೆ ಅದು 500 ದಾಟುತ್ತಿತ್ತು.

ಗಿಬ್ ಡ್ರ್ಯಾಗ್ ರೇಸಿನ ಹುಚ್ಚಿದ್ದ ಮನುಷ್ಯ. ಕಾಲು ಮೈಲಿಯ ನೆಟ್ಟಗಿನ ಓಟದ ಆ ಸ್ಪರ್ಧೆಯಲ್ಲಿ ಒಂದು ಮಾದರಿಗೆ ಅಂಗಡಿಯಲ್ಲಿ ಸಿಗುವ ಕಾರು ಎಂಬ ಮಾನ್ಯತೆ ದಕ್ಕಬೇಕಾದರೆ ಕನಿಷ್ಠ ಐವತ್ತು ಕಾರುಗಳಾದರೂ ತಯಾರಾಗಬೇಕಿತ್ತು. ಶೆವ್ರೊಲೆಯ ಒಳಗೆ ರೇಸಿನವರ ಬೆನ್ನಿಗೆ ನಿಂತಿದ್ದ ವಿನ್ಸ್ ಪಿಗಿನ್ಸ್ ಅವರೊಂದಿಗೆ ಮಾತಾಡಿ, ಗಿಬ್ ಐವತ್ತನ್ನೂ ತಮ್ಮ ಹೆಸರಿಗೇ ಬರೆಸಿಕೊಂಡರು. ಬಿಲ್ಲು ನೋಡಿದಾಗ ಲೆಕ್ಕವೆಲ್ಲ ತಲೆಕೆಳಗಾಯಿತು. ಎಂಜಿನ್ ಒಂದಕ್ಕೇ 4,160 ಡಾಲರ್, ಇಡೀ ಕಾರಿಗೆ 7,200ಕ್ಕೂ ಹೆಚ್ಚು. ಆ ದುಡ್ಡಿಗೆ ಮಾಮೂಲಿ ಕಮಾರೊ ಎರಡು ಬರುತ್ತಿದ್ದವು. ಜೋಳ ಬೆಳೆಯುವ ಸೀಮೆಯ ಆ ಊರಿನಲ್ಲಿ ಅಷ್ಟು ಸುರಿದು ಕೊಳ್ಳುವವರು ಎಲ್ಲಿದ್ದರು? ಮಾರಾಟವಾಗದ 37 ಕಾರುಗಳನ್ನು ಕಂಪನಿಯೇ ವಾಪಸು ತೆಗೆದುಕೊಂಡು ಬೇರೆ ಬೇರೆ ಊರಿನ ಡೀಲರುಗಳಿಗೆ ಹಂಚಬೇಕಾಯಿತು. ಆ ವರ್ಷ ಒಟ್ಟು ತಯಾರಾದದ್ದು 69. ಇಂದು ಅವುಗಳಲ್ಲಿ ಒಂದು ಹರಾಜಿಗೆ ಬಂದರೆ ಲಕ್ಷಗಟ್ಟಲೆ ಡಾಲರಿಗೆ ಕೂಗು ಏರುತ್ತದೆ.

ದೊಡ್ಡ ಎಂಜಿನ್ನಿನ ಇಂಥ ಕಾರುಗಳ, ಅಂದರೆ ಅಮೆರಿಕದ ಮಸಲ್ ಕಾರುಗಳ ಚರಿತ್ರೆಯನ್ನು ಓದುತ್ತ ಹೋದಷ್ಟೂ ನನಗೆ ಮತ್ತೆ ಮತ್ತೆ ಎದುರಾಗುವುದು ಇದೇ. ಇಂದು ಸಂಗ್ರಾಹಕರು ಅಪರೂಪವೆಂದು ಎದೆಗೊತ್ತಿಕೊಳ್ಳುವ ಬಣ್ಣಗಳಲ್ಲಿ, ವಿಶೇಷ ಆವೃತ್ತಿಗಳಲ್ಲಿ ಬಹುಪಾಲನ್ನು ಯಾರೂ ಅಪರೂಪವಾಗಲಿ ಎಂದು ಮಾಡಿದ್ದಲ್ಲ. ಕೆಲವು ಕಂಪನಿಯ ನಿಯಮದ ಕಣ್ಣು ತಪ್ಪಿಸಿ ಹುಟ್ಟಿದವು, ಕೆಲವು ರೇಸಿನ ನಿಯಮದ ಲೆಕ್ಕ ತುಂಬಿಸಲು ಹುಟ್ಟಿದವು, ಉಳಿದವನ್ನು ಅಂದಿನ ಗಿರಾಕಿಗಳೇ ಬೇಡವೆಂದರು. ಆ ಹುಟ್ಟು, ಆ ತಿರಸ್ಕಾರ ಎರಡನ್ನೂ ಅರಿಯಲು 1964ರಿಂದ 1971ರವರೆಗಿನ ಏಳೆಂಟು ವರ್ಷಗಳನ್ನು ಹತ್ತಿರದಿಂದ ನೋಡಬೇಕು.

ಶೆವ್ರೊಲೆ, ಪಾಂಟಿಯಾಕ್‌ಗಳ ಒಡೆತನದ ಜನರಲ್ ಮೋಟಾರ್ಸ್ 1963ರ ಆರಂಭದಲ್ಲಿ ತನ್ನ ಎಲ್ಲ ವಿಭಾಗಗಳಿಗೂ ರೇಸಿನಿಂದ ದೂರವಿರುವಂತೆ ಕಟ್ಟಪ್ಪಣೆ ಮಾಡಿತು. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಕೂರಿಸಬಾರದೆಂಬ ಮಿತಿಯೂ ಇತ್ತು. ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್, ಅವರ ಜೊತೆಗಿದ್ದ ಬಿಲ್ ಕಾಲಿನ್ಸ್ ಮತ್ತು ರಸ್ ಗೀ ಆ ನಿಯಮದಲ್ಲಿ ಒಂದು ಸಂದು ಕಂಡುಹಿಡಿದರು. ಮಿತಿ ಇದ್ದದ್ದು ಮಾದರಿಗೆ. ಗಿರಾಕಿ ಹೆಚ್ಚು ಹಣ ಕೊಟ್ಟು ಹಾಕಿಸಿಕೊಳ್ಳುವ ಐಚ್ಛಿಕ ಸಾಮಾನಿನ ಪಟ್ಟಿಯ ಬಗ್ಗೆ ಅಲ್ಲಿ ಮಾತೇ ಇರಲಿಲ್ಲ. ಟೆಂಪೆಸ್ಟ್ ಲೆಮಾನ್ಸ್ ಎಂಬ ಸಾಧಾರಣ ಕಾರಿನ ಐಚ್ಛಿಕ ಪಟ್ಟಿಗೆ ಅವರು 389 ಘನ ಇಂಚಿನ ಎಂಜಿನ್ ಸೇರಿಸಿದರು, ಅದಕ್ಕೆ ಜಿಟಿಒ ಎಂದು ಹೆಸರಿಟ್ಟರು. ಐದು ಸಾವಿರ ಹೋದರೆ ಹೆಚ್ಚು ಎಂದಿದ್ದರು ಮಾರಾಟ ವಿಭಾಗದವರು. 1964ರ ಆ ಒಂದೇ ಮಾದರಿ ವರ್ಷದಲ್ಲಿ ಹೋದದ್ದು 32,450. ಎರಡನೆಯ ಮಹಾಯುದ್ಧ ಮುಗಿದು ಗಂಡಸರು ಮನೆಗೆ ಮರಳಿದ ಮೇಲೆ, 1946ರಲ್ಲಿ ಹುಟ್ಟಿದ ಮಕ್ಕಳಿಗೆ ಆಗ ಸರಿಯಾಗಿ ಹದಿನೆಂಟು ತುಂಬಿತ್ತು. ಕೈಯಲ್ಲಿ ಸಂಬಳವಿತ್ತು, ಪೆಟ್ರೋಲು ಅಗ್ಗವಿತ್ತು, ಹೊಸ ಹೆದ್ದಾರಿಗಳಿದ್ದವು.

ಯಶಸ್ಸು ಕಂಡ ಮೇಲೆ ಮಿತಿ 400ಕ್ಕೆ ಏರಿತು, ಆದರೆ ಮಿತಿ ಮಿತಿಯೇ. ಅದನ್ನು ದಾಟಲು ಕಳ್ಳದಾರಿಗಳು ಹುಟ್ಟುತ್ತಲೇ ಹೋದವು. 1968ರಲ್ಲಿ ಓಲ್ಡ್ಸ್‌ಮೊಬೀಲ್ ವಿಭಾಗವು ಗೇರ್ ಹಿಡಿಗಳಿಗೆ ಹೆಸರಾಗಿದ್ದ ಜಾರ್ಜ್ ಹರ್ಸ್ಟ್ ಅವರ ಕಂಪನಿಯೊಂದಿಗೆ ಕೈಜೋಡಿಸಿ, 455 ಘನ ಇಂಚಿನ ಎಂಜಿನ್ ಇಟ್ಟ 515 ಹರ್ಸ್ಟ್/ಓಲ್ಡ್ಸ್ ಕಾರುಗಳನ್ನು ಹೊರತಂದಿತು. ಬೆಳ್ಳಿ ಬಣ್ಣದ ಮೈ, ಕಪ್ಪು ಪಟ್ಟೆ. ಬೇರೆ ಬಣ್ಣ ಕೇಳುವಂತಿರಲಿಲ್ಲ. ಒಂದೇ ಬಣ್ಣಕ್ಕೆ ಕಟ್ಟುಬಿದ್ದ ಆವೃತ್ತಿ ಎಂಬ ಕಲ್ಪನೆ ಅದಕ್ಕೂ ಮೊದಲೇ ಫೋರ್ಡ್ ಪಾಳೆಯದಲ್ಲಿತ್ತು. 1965ರ ಶೆಲ್ಬಿ ಜಿಟಿ350 ಕಾರುಗಳೆಲ್ಲ ವಿಂಬಲ್ಡನ್ ವೈಟ್ ಎಂಬ ಹಾಲುಬಿಳಿಯಲ್ಲೇ ಬಂದವು. ಮರುವರ್ಷ ಹರ್ಟ್ಜ್ ಬಾಡಿಗೆ ಕಾರು ಕಂಪನಿ ಕ್ಯಾರಲ್ ಶೆಲ್ಬಿ ಅವರಿಂದ ಸುಮಾರು ಒಂದು ಸಾವಿರ ಜಿಟಿ350ಎಚ್ ಕಾರುಗಳನ್ನು ಮಾಡಿಸಿಕೊಂಡಿತು. ಹೆಚ್ಚಿನವು ಕಪ್ಪು, ಮೇಲೆ ಬಂಗಾರದ ಪಟ್ಟೆ. ದಿನಕ್ಕೆ 17 ಡಾಲರ್, ಮೈಲಿಗೆ 17 ಸೆಂಟ್ ಕೊಟ್ಟರೆ ಕಾರು ನಿಮ್ಮ ಕೈಗೆ. ಶನಿವಾರ ಬಾಡಿಗೆಗೆ ಒಯ್ದು ಭಾನುವಾರ ರೇಸ್ ಓಡಿಸಿ ಸೋಮವಾರ ಹಿಂದಿರುಗಿಸಿದವರ ಕತೆಗಳು ಆ ಕಾರಿನ ಜೊತೆಗೇ ಬೆಳೆದವು.

ಶೆವ್ರೊಲೆಯ ಕಳ್ಳದಾರಿ ಮಾತ್ರ ಎಲ್ಲಕ್ಕಿಂತ ನೀರಸವಾದ ಕಚೇರಿ ಕಾಗದದ ಮೇಲೆ ಹಾದುಹೋಗುತ್ತಿತ್ತು. ಸೆಂಟ್ರಲ್ ಆಫೀಸ್ ಪ್ರೊಡಕ್ಷನ್ ಆರ್ಡರ್, ಗಿರಾಕಿಗಳ ಬಾಯಲ್ಲಿ ಕೋಪೊ. ಟ್ಯಾಕ್ಸಿ ಸಂಸ್ಥೆಗೆ ಗಟ್ಟಿ ಸೀಟು ಬೇಕು, ಪೊಲೀಸ್ ಇಲಾಖೆಗೆ ಬೇರೆ ಬ್ರೇಕು ಬೇಕು, ಯಾವುದೋ ಕಂಪನಿಗೆ ತನ್ನ ಗಾಡಿಗಳೆಲ್ಲ ಒಂದೇ ವಿಶೇಷ ಬಣ್ಣದಲ್ಲಿ ಬೇಕು ಎಂದಾಗ ಬಳಸುತ್ತಿದ್ದ ನಮೂನೆ ಅದು. ಅಂಥ ಅರ್ಜಿಗಳನ್ನು ಮೇಲಿನವರು ಓದುವುದೇ ಅಪರೂಪ. ಪಿಗಿನ್ಸ್ ಅದೇ ನಮೂನೆಯನ್ನು ರೇಸಿನವರಿಗೆ ತೆರೆದರು. ಗಿಬ್ ಅವರ ಕಾರುಗಳದ್ದು 9560ನೆಯ ಸಂಖ್ಯೆ. 9561 ಎಂದರೆ ಅದೇ ಗಾತ್ರದ ಎರಕಕಬ್ಬಿಣದ ಎಂಜಿನ್, ಬೆಲೆ ಬಹಳ ಕಡಿಮೆ. ಪೆನ್ಸಿಲ್ವೇನಿಯಾದ ಕ್ಯಾನನ್ಸ್‌ಬರ್ಗಿನ ಡೀಲರ್ ಡಾನ್ ಯೆಂಕೊ ಈ ಎರಡನೆಯದನ್ನು ಹಿಡಿದರು. ಅದುವರೆಗೆ ತಮ್ಮ ಗ್ಯಾರೇಜಿನಲ್ಲೇ ಕಮಾರೊಗಳ ಎಂಜಿನ್ ಕಿತ್ತು ದೊಡ್ಡದನ್ನು ಕೂರಿಸುತ್ತಿದ್ದವರಿಗೆ ಈಗ ಕಾರ್ಖಾನೆಯೇ ಆ ಕೆಲಸ ಮಾಡಿಕೊಟ್ಟಿತು. 1969ರ ಯೆಂಕೊ ಕಮಾರೊಗಳ ಲೆಕ್ಕ 201 ಎನ್ನುತ್ತಾರೆ. ಹಗರ್ ಆರೆಂಜ್ ಎಂಬ ಕಿತ್ತಳೆ, ಡೇಟೋನಾ ಯೆಲ್ಲೊ, ಲೆಮಾನ್ಸ್ ಬ್ಲೂ, ಫ್ಯಾದಮ್ ಗ್ರೀನ್ ಎಂಬ ಕಡುಹಸಿರು, ಹೀಗೆ ಕೆಲವೇ ಬಣ್ಣಗಳಲ್ಲಿ ಅವನ್ನು ತರಿಸಿ, ಪಕ್ಕಕ್ಕೆ ತಮ್ಮ ಹೆಸರಿನ ಪಟ್ಟೆ ಅಂಟಿಸಿ ಮಾರಿದರು. ಗಿಬ್ ಎಡವಿದ ಕಡೆ ಯೆಂಕೊ ಗೆದ್ದದ್ದಕ್ಕೆ ಎಂಜಿನ್ನಿನ ಬೆಲೆ ಒಂದು ಕಾರಣ. ಜೋರು ಬಣ್ಣ ಮತ್ತು ಪಟ್ಟೆ ಇನ್ನೊಂದು ಕಾರಣ ಎಂದು ನಾನು ನಂಬುತ್ತೇನೆ. ಹಣ ಕೊಟ್ಟ ಹುಡುಗ ಅದನ್ನು ಊರಿಗೆಲ್ಲ ಕಾಣುವಂತೆ ಓಡಿಸಬಯಸುತ್ತಾನೆ.

ಕಾರಿನ ಬಣ್ಣಕ್ಕೆ ಅಮೆರಿಕದಲ್ಲಿ ಇದಕ್ಕಿಂತ ಹಳೆಯ ಚರಿತ್ರೆಯೊಂದಿದೆ. ಫೋರ್ಡ್ ಕಂಪನಿಯ ಮಾಡೆಲ್ ಟಿ 1914ರಿಂದ 1925ರವರೆಗೆ ಕಪ್ಪಿನಲ್ಲಿ ಮಾತ್ರ ಸಿಗುತ್ತಿತ್ತು. ಅಂದಿನ ವಾರ್ನಿಷ್ ಬಣ್ಣಗಳು ಒಣಗಲು ವಾರಗಟ್ಟಲೆ ಬೇಕಿತ್ತು. 1920ರ ದಶಕದ ನಡುವೆ ಡ್ಯೂಪಾಂಟ್ ಕಂಪನಿಯ ಡ್ಯೂಕೊ ಲ್ಯಾಕರ್ ಬಂದು ಆ ಕಾಯುವಿಕೆಯನ್ನು ಗಂಟೆಗಳಿಗೆ ಇಳಿಸಿತು. ಮೊದಲಿಗೆ ಅದನ್ನು ಬಳಿಸಿಕೊಂಡದ್ದು ಓಕ್‌ಲ್ಯಾಂಡ್ ಎಂಬ ಕಾರು, ಟ್ರೂ ಬ್ಲೂ ಎಂಬ ನೀಲಿಯಲ್ಲಿ. ಅದೇ ಓಕ್‌ಲ್ಯಾಂಡ್ ವಿಭಾಗದಿಂದ ಮುಂದೆ ಪಾಂಟಿಯಾಕ್ ಹುಟ್ಟಿತು. ಐವತ್ತರ ದಶಕದ ತಿಳಿಗುಲಾಬಿ, ತಿಳಿನೀಲಿಗಳನ್ನು ದಾಟಿ ಅರವತ್ತರ ನಡುವಿಗೆ ಬರುವಾಗ ಟೆಲಿವಿಷನ್ ಬಣ್ಣಕ್ಕೆ ತಿರುಗಿತ್ತು, ಸ್ಯಾನ್ ಫ್ರಾನ್ಸಿಸ್ಕೊದ ಸಂಗೀತ ಕಛೇರಿಗಳ ಪೋಸ್ಟರುಗಳಲ್ಲಿ ಕಿತ್ತಳೆ ನೇರಳೆಯ ಮೈಗೆ ಒರಗಿ ಕೂತಿತ್ತು. ಡೆಟ್ರಾಯ್ಟಿನ ಕಾರುಗಳು ಆಗಲೂ ಬಹುಮಟ್ಟಿಗೆ ಕೆನೆ, ಕಂದು, ಕಡುನೀಲಿಗಳಲ್ಲೇ ಇದ್ದವು.

ಬಾಗಿಲು ತೆರೆದದ್ದು ಅಗ್ಗದ ಕಾರೊಂದು. 1968ರಲ್ಲಿ ಪ್ಲಿಮತ್ ಕಂಪನಿ ರೋಡ್ ರನ್ನರ್ ಎಂಬ ಕಾರ್ಟೂನು ಹಕ್ಕಿಯ ಹೆಸರನ್ನು ವಾರ್ನರ್ ಬ್ರದರ್ಸ್‌ನಿಂದ 50,000 ಡಾಲರಿಗೆ ಪಡೆದು, ಆ ಹಕ್ಕಿಯ ಕೂಗನ್ನೇ ಹೋಲುವ ಹಾರನ್ ಇಟ್ಟು, ಮೂರು ಸಾವಿರ ಡಾಲರಿಗಿಂತ ಕಡಿಮೆಗೆ ಕಾರು ಬಿಟ್ಟಿತು. ಮೊದಲ ವರ್ಷವೇ 44,000 ದಾಟಿ ಮಾರಿತು. ಉತ್ತರವಾಗಿ ಪಾಂಟಿಯಾಕ್ ತಂದದ್ದು 1969ರ ಜಿಟಿಒ ಜಡ್ಜ್. ಟೆಲಿವಿಷನ್ನಿನ ಹಾಸ್ಯ ಕಾರ್ಯಕ್ರಮದಲ್ಲಿ ಮನೆಮಾತಾಗಿದ್ದ ನ್ಯಾಯಾಧೀಶನ ಪ್ರಹಸನದಿಂದ ಎತ್ತಿಕೊಂಡ ಹೆಸರು. ಮೊದಲ ಎರಡು ಸಾವಿರ ಕಾರುಗಳು ಕೆರೊಸೆಲ್ ರೆಡ್ ಎಂಬ ಒಂದೇ ಬಣ್ಣದಲ್ಲಿ ಬಂದವು. ಹೆಸರಿನಲ್ಲಿ ಕೆಂಪಿದ್ದರೂ ಕಣ್ಣಿಗೆ ಅದು ಉರಿಯುವ ಕಿತ್ತಳೆ. ಶೆವ್ರೊಲೆಯವರು ಹಗರ್ ಆರೆಂಜ್ ಎಂದು ಬಳಿಯುತ್ತಿದ್ದ ಬಣ್ಣವೇ ಇದು. ಆ ವರ್ಷ 6,833 ಜಡ್ಜ್‌ಗಳು ಹೊರಬಂದವು, ಅದರಲ್ಲಿ ಮಡಚುವ ಮೇಲ್ಛಾವಣಿಯವು 108. 1971ಕ್ಕೆ ಇಡೀ ಲೆಕ್ಕ 374ಕ್ಕೆ ಕುಸಿಯಿತು, ಮಡಚುವ ಛಾವಣಿಯವು ಹದಿನೇಳೇ ಹದಿನೇಳು.

ಒಬ್ಬರು ಜೋರಾಗಿ ಕೂಗಿದ ಮೇಲೆ ಉಳಿದವರು ಸುಮ್ಮನಿರಲಾರರು. ಅಮೆರಿಕನ್ ಮೋಟಾರ್ಸ್ ಎಂಬ ಸಣ್ಣ ಕಂಪನಿ ಬಿಗ್ ಬ್ಯಾಡ್ ಎಂಬ ಹೆಸರಿನ ನೀಲಿ, ಹಸಿರು, ಕಿತ್ತಳೆಗಳನ್ನು ತಂದು ಕ್ರೋಮ್ ಇರಬೇಕಾದ ಬಂಪರಿಗೂ ಅದನ್ನೇ ಬಳಿಯಿತು. ಫೋರ್ಡ್ ಗ್ರ್ಯಾಬರ್ ಬ್ಲೂ, ಗ್ರ್ಯಾಬರ್ ಆರೆಂಜ್ ತಂದಿತು. ವಕೀಲರು, ಡಾಕ್ಟರುಗಳ ಕಾರೆಂದು ಹೆಸರಾಗಿದ್ದ ಬ್ಯುಯಿಕ್ ಕೂಡ 1970ರಲ್ಲಿ ಜಿಎಸ್‌ಎಕ್ಸ್ ಎಂಬುದನ್ನು ಸ್ಯಾಟರ್ನ್ ಯೆಲ್ಲೊ ಮತ್ತು ಅಪೊಲೊ ವೈಟ್ ಎಂಬ ಎರಡೇ ಬಣ್ಣಗಳಲ್ಲಿ, ಕಪ್ಪು ಪಟ್ಟೆ ಎಳೆದು ಹೊರತಂದಿತು. ಹಳದಿ 491, ಬಿಳಿ 187. ಬಿಳಿಯದು ಕಡಿಮೆ ಇರುವುದರಿಂದ ಇಂದು ಅದಕ್ಕೆ ಹೆಚ್ಚು ಹುಡುಕಾಟ. ನನಗಂತೂ ಆ ಕಾರು ಹಳದಿಯಲ್ಲೇ ಚೆಂದ.

ಆದರೆ ಬಣ್ಣದ ಹುಚ್ಚನ್ನು ಕೊನೆಯವರೆಗೆ ಒಯ್ದವರು ಕ್ರೈಸ್ಲರ್‌ನವರು. ಡಾಜ್ ಮತ್ತು ಪ್ಲಿಮತ್ ಆ ಮನೆಯ ಎರಡು ಹೆಸರುಗಳು. ಹೈ ಇಂಪ್ಯಾಕ್ಟ್ ಪೇಂಟ್ ಎಂಬ ಪಟ್ಟಿ 1969ರ ನಡುವೆ ಶುರುವಾಗಿ 1970ಕ್ಕೆ ಪೂರ್ತಿ ಅರಳಿತು. ಒಂದೇ ಡಬ್ಬಿಯ ಬಣ್ಣಕ್ಕೆ ಎರಡು ಅಂಗಡಿಗಳಲ್ಲಿ ಎರಡು ಹೆಸರು. ಡಾಜ್‌ನಲ್ಲಿ ಪ್ಲಮ್ ಕ್ರೇಜಿ ಎಂದರೆ ಪ್ಲಿಮತ್‌ನಲ್ಲಿ ಇನ್-ವೈಲೆಟ್. ಅಲ್ಲಿ ಸಬ್‌ಲೈಮ್, ಇಲ್ಲಿ ಲೈಮ್‌ಲೈಟ್. ಅಲ್ಲಿ ಗೋ ಮ್ಯಾಂಗೋ, ಇಲ್ಲಿ ವಿಟಮಿನ್ ಸಿ. ಅಲ್ಲಿ ಟಾಪ್ ಬನಾನಾ, ಇಲ್ಲಿ ಲೆಮನ್ ಟ್ವಿಸ್ಟ್. ಅಲ್ಲಿ ಹೆಮಿ ಆರೆಂಜ್, ಇಲ್ಲಿ ಟಾರ್-ರೆಡ್. ಇವುಗಳಲ್ಲೊಂದು ಬೇಕಿದ್ದರೆ ಗಿರಾಕಿ ಹೆಚ್ಚಿಗೆ ಕೊಡಬೇಕಾದದ್ದು 14 ಡಾಲರ್ 5 ಸೆಂಟ್. ಮೂರು ಸಾವಿರ ದಾಟುವ ಕಾರಿನಲ್ಲಿ ಅದು ಲೆಕ್ಕಕ್ಕೇ ಸಿಗದ ಮೊತ್ತ.

ಪ್ಲಮ್ ಕ್ರೇಜಿಯನ್ನು ಬಿಸಿಲಲ್ಲಿ ನೋಡಬೇಕು. ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ ಅದು, ಒಳಗೆ ಲೋಹದ ನುಣ್ಣನೆಯ ಹುಡಿ. ಕಾರಿನ ಮಡಿಕೆಗಳ ಮೇಲಂಚಿನಲ್ಲಿ ಅದು ನೀಲಿಗೆ ಹೊರಳುತ್ತದೆ, ನೆರಳು ಬಿದ್ದ ಕಡೆ ಹೆಚ್ಚುಕಮ್ಮಿ ಕಪ್ಪಾಗುತ್ತದೆ. ಬಾಗಿಲಿನ ನಡುವಿನ ಗೆರೆಯಿಂದ ಹಿಂದಿನ ಚಕ್ರದ ಮೇಲಿನ ಉಬ್ಬಿನವರೆಗೆ ಒಂದೇ ಬಣ್ಣ ಮೂರಾಗಿ ಕಾಣುತ್ತದೆ. 1970ರ ಡಾಜ್ ಚಾಲೆಂಜರ್ ಮತ್ತು ಪ್ಲಿಮತ್ ಬಾರ್ರಾಕುಡಾಗಳ ಉದ್ದನೆಯ ಬಾನೆಟ್, ಗಿಡ್ಡ ಬೆನ್ನಿನ ಆಕಾರಕ್ಕೆ ಇಂಥ ಬಣ್ಣ ಒಪ್ಪಿದಷ್ಟು ಬೇರೆ ಯಾವ ಕಾರಿಗೂ ಒಪ್ಪಲಿಲ್ಲ. ಸಬ್‌ಲೈಮ್ ಬೇರೆ ಥರ. ಅದರಲ್ಲಿ ಹೊಳಪಿನ ಹುಡಿ ಇಲ್ಲ, ಎಲ್ಲ ಕಡೆಯೂ ಒಂದೇ ಸಮನಾದ ಹಳದಿಮಿಶ್ರಿತ ಹಸಿರು. ಆಕಾರ ಸರಿಯಿಲ್ಲದ ಕಾರಿಗೆ ಅದನ್ನು ಬಳಿದರೆ ದೋಷವೆಲ್ಲ ಎದ್ದು ಕಾಣುತ್ತದೆ.

1970ರ ವಸಂತಕಾಲಕ್ಕೆ ಇನ್ನೂ ಎರಡು ಬಣ್ಣಗಳು ಬಂದವು. ಒಂದು ದಟ್ಟ ಹುಲ್ಲುಹಸಿರು. ಇನ್ನೊಂದು ಅಚ್ಚ ಗುಲಾಬಿ, ಡಾಜ್‌ನಲ್ಲಿ ಪ್ಯಾಂಥರ್ ಪಿಂಕ್, ಪ್ಲಿಮತ್‌ನಲ್ಲಿ ಮುಲಾನ್ ರೂಜ್. ಮಾದರಿ ವರ್ಷ ಮುಗಿಯಲು ಕೆಲವೇ ತಿಂಗಳಿದ್ದಾಗ ಬಂದ ಬಣ್ಣ ಎಷ್ಟು ಕಾರುಗಳ ಮೇಲೆ ಬಿದ್ದೀತು? ಅದೂ ಸಾಲದ್ದಕ್ಕೆ, ಅಮೆರಿಕದಲ್ಲಿ ಹೆಚ್ಚಿನ ಕಾರುಗಳನ್ನು ಗಿರಾಕಿಗಿಂತ ಮೊದಲು ಡೀಲರೇ ತರಿಸಿ ಅಂಗಳದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದ. ಬಣ್ಣದಲ್ಲಿ ಆತ ಎಚ್ಚರದ ಮನುಷ್ಯ. ಕೆಂಪು, ನೀಲಿ, ಬಿಳಿ ತರಿಸಿದರೆ ಯಾರಾದರೂ ಕೊಂಡೇ ಕೊಳ್ಳುತ್ತಾರೆ. ನಾನೂರು ಅಶ್ವಶಕ್ತಿಯ ಕಾರನ್ನು ಗುಲಾಬಿಯಲ್ಲಿ ತರಿಸಿ ಅದು ಮಳೆಬಿಸಿಲಲ್ಲಿ ನಿಂತೇ ಇದ್ದರೆ ಬಡ್ಡಿ ಕಟ್ಟುವವನು ಆತನೇ. ಹೀಗಾಗಿ ಇಂದು ಉಳಿದಿರುವ ಪ್ಯಾಂಥರ್ ಪಿಂಕ್ ಕಾರುಗಳಲ್ಲಿ ಅನೇಕವು ಯಾರೋ ಒಬ್ಬರು ಮೇಜಿನ ಮುಂದೆ ಕೂತು, ನನಗೆ ಇದೇ ಬೇಕು ಎಂದು ಹಟ ಹಿಡಿದು ಬರೆಸಿದವು.

ಆ ಹಟದ ಸಾಕ್ಷಿ ಒಂದು ತಗಡಿನ ಮೇಲೆ ಉಳಿದಿದೆ. ಕ್ರೈಸ್ಲರ್ ಕಾರುಗಳ ಬಾನೆಟ್ಟಿನಡಿ, ಚಾಲಕನ ಬದಿಯ ಮಡ್‌ಗಾರ್ಡಿನ ಒಳಮೈಗೆ ಎರಡು ಸ್ಕ್ರೂಗಳಿಂದ ಬಿಗಿದ, ಅಂಗೈಗಿಂತ ಚಿಕ್ಕದಾದ ಪಟ್ಟಿ ಅದು, ಫೆಂಡರ್ ಟ್ಯಾಗ್. ಅದನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಓದಬೇಕು. ಇ74 ಎಂದಿದ್ದರೆ 426 ಘನ ಇಂಚಿನ ಹೆಮಿ ಎಂಜಿನ್. ಪಕ್ಕದಲ್ಲಿ ಡಿ21, ನಾಲ್ಕು ಗೇರಿನ ಕೈಗೇರು. ಮುಂದೆ ಜೆಎಸ್23ಆರ್0ಬಿ: ಚಾಲೆಂಜರ್ ಆರ್/ಟಿ, ಹೆಮಿ, 1970, ಹ್ಯಾಮ್‌ಟ್ರ್ಯಾಮಿಕ್ ಕಾರ್ಖಾನೆ. ಮೇಲಿನ ಸಾಲಿನಲ್ಲಿ ಎಫ್‌ಸಿ7 ಎಂದಿದ್ದರೆ ನೇರಳೆ, ಎಫ್‌ಎಂ3 ಎಂದಿದ್ದರೆ ಗುಲಾಬಿ. 999 ಎಂದಿದ್ದರೆ ಪಟ್ಟಿಯಲ್ಲೇ ಇಲ್ಲದ, ಗಿರಾಕಿ ಕೇಳಿ ಬಳಿಸಿಕೊಂಡ ಬಣ್ಣ. ಜೋಡಣೆಯ ಸಾಲಿನಲ್ಲಿ ಕೆಲಸಗಾರರ ಕೈಯಿಂದ ಕೈಗೆ ಹೋಗುತ್ತಿದ್ದ ಕಾಗದದ ಹಾಳೆಯೂ ಕೆಲವು ಸಲ ಸಿಗುತ್ತದೆ, ಹಿಂದಿನ ಸೀಟಿನ ಸ್ಪ್ರಿಂಗುಗಳ ನಡುವೆ ಸಿಕ್ಕಿಕೊಂಡು, ಇಲಿ ಕಡಿದು, ಅಂಚು ಕಂದಿ. ಕೆಲಸ ಮುಗಿದ ಮೇಲೆ ಯಾರೋ ಅಲ್ಲೇ ತುರುಕಿ ಮುಂದಿನ ಕಾರಿಗೆ ಹೋಗಿದ್ದರು.

ಹಾಗೆ ತುರುಕಿದ ಕೈಗಳ ಬಗ್ಗೆ ಸಂಗ್ರಾಹಕರ ಪುಸ್ತಕಗಳಲ್ಲಿ ಹೆಚ್ಚು ಸಿಗುವುದಿಲ್ಲ. ಅದು ನನ್ನನ್ನು ಕಾಡುವ ಸಂಗತಿ. ಚಾಲೆಂಜರ್ ಮತ್ತು ಬಾರ್ರಾಕುಡಾಗಳ ಮುಖ್ಯ ಕಾರ್ಖಾನೆ ಡೆಟ್ರಾಯ್ಟಿನ ನಡುವೆಯೇ ಇರುವ ಹ್ಯಾಮ್‌ಟ್ರ್ಯಾಮಿಕ್‌ನಲ್ಲಿತ್ತು, ಜನ ಡಾಜ್ ಮೇನ್ ಎನ್ನುತ್ತಿದ್ದ ಹಲವು ಮಹಡಿಗಳ ಮುದಿ ಕಟ್ಟಡ. 1967ರ ಜುಲೈನಲ್ಲಿ ಡೆಟ್ರಾಯ್ಟ್ ಹೊತ್ತಿ ಉರಿದು 43 ಜನ ಸತ್ತಿದ್ದರು. ಮರುವರ್ಷದ ಮೇ ತಿಂಗಳಲ್ಲಿ ಡಾಜ್ ಮೇನ್‌ನ ಕೆಲಸಗಾರರು ಸಾಲಿನ ವೇಗ ಏರಿಸಿದ್ದನ್ನು ವಿರೋಧಿಸಿ, ಸಂಘದ ಒಪ್ಪಿಗೆಗೂ ಕಾಯದೆ ಹೊರನಡೆದರು. ಶಿಕ್ಷೆಯ ಭಾರ ಹೆಚ್ಚಾಗಿ ಕಪ್ಪು ಕಾರ್ಮಿಕರ ಮೇಲೆ ಬಿದ್ದಾಗ ಡಾಜ್ ರೆವಲ್ಯೂಷನರಿ ಯೂನಿಯನ್ ಮೂವ್‌ಮೆಂಟ್ ಎಂಬ ಸಂಘಟನೆ ಹುಟ್ಟಿತು. ಜನರಲ್ ಬೇಕರ್ ಅದರ ಮುಂದಾಳುಗಳಲ್ಲಿ ಒಬ್ಬರು. ಕೆಲಸ ಕಳೆದುಕೊಂಡವರೂ ಅವರೇ. ಅತ್ಯಂತ ಬಿಸಿಯ, ಹೊಗೆಯ, ಭಾರದ ಕೆಲಸಗಳು ಕಪ್ಪು ಕಾರ್ಮಿಕರ ಪಾಲಿಗೆ, ಮೇಲ್ವಿಚಾರಣೆ ಬಿಳಿಯರ ಪಾಲಿಗೆ ಎಂಬುದು ಅವರ ದೂರಿನ ತಿರುಳು. ಅಂದಿನ ಉಜ್ವಲ ಹಳದಿ, ಕಿತ್ತಳೆಗಳಿಗೆ ಸೀಸದ ಕ್ರೋಮೇಟ್ ವರ್ಣದ್ರವ್ಯಗಳನ್ನು ಬಳಸುತ್ತಿದ್ದ ಕಾಲ ಅದು. ಇಂದು ಲಕ್ಷ ಡಾಲರ್ ಬಾಳುವ ಬಣ್ಣವನ್ನು ಅಂದು ಬಳಿದದ್ದು ಪಾಳಿಯ ಲೆಕ್ಕದಲ್ಲಿ ದುಡಿಯುತ್ತಿದ್ದ ಇಂಥವರು.

ಬೇಡವಾದದ್ದೇ ಬೆಲೆಬಾಳಿದ ಕತೆಗಳಲ್ಲಿ ಎಲ್ಲಕ್ಕಿಂತ ವಿಚಿತ್ರವಾದದ್ದು ರೆಕ್ಕೆಯ ಕಾರುಗಳದ್ದು. ನ್ಯಾಸ್‌ಕಾರ್ ರೇಸುಗಳಲ್ಲಿ ಫೋರ್ಡ್ ಮುಂದಿದ್ದಾಗ ಡಾಜ್ ತನ್ನ ಚಾರ್ಜರ್ ಕಾರಿಗೆ ಗಾಳಿ ಸೀಳುವ ಚೂಪು ಮೂತಿ ಅಂಟಿಸಿ, ಹಿಂದೆ ಎರಡು ಅಡಿಯ ಹತ್ತಿರದ ಎತ್ತರದಲ್ಲಿ ರೆಕ್ಕೆ ನಿಲ್ಲಿಸಿತು. ಅದೇ 1969ರ ಚಾರ್ಜರ್ ಡೇಟೋನಾ. ರೇಸಿನಲ್ಲಿ ಓಡಿಸಲು ಐನೂರು ಕಾರುಗಳನ್ನು ಸಾರ್ವಜನಿಕರಿಗೆ ಮಾರಬೇಕೆಂಬ ನಿಯಮವಿತ್ತು. ಡಾಜ್ ಮಾಡಿದ್ದು 503. 1970ರ ಮಾರ್ಚ್ 24ರಂದು ಟಲ್ಲಡೇಗ ಟ್ರ್ಯಾಕಿನಲ್ಲಿ ಬಡಿ ಬೇಕರ್ ಡೇಟೋನಾವನ್ನು ಗಂಟೆಗೆ 200.447 ಮೈಲಿ ವೇಗದಲ್ಲಿ ಓಡಿಸಿದರು. ಮುಚ್ಚಿದ ಸುತ್ತಿನಲ್ಲಿ ಇನ್ನೂರು ದಾಟಿದ ಮೊದಲ ನ್ಯಾಸ್‌ಕಾರ್ ಓಟ ಅದು. ಅಷ್ಟರಲ್ಲಿ ಪ್ಲಿಮತ್, ಫೋರ್ಡಿಗೆ ಹೋಗಿದ್ದ ರೇಸ್ ಚಾಲಕ ರಿಚರ್ಡ್ ಪೆಟ್ಟಿಯವರನ್ನು ಮರಳಿ ಕರೆತರಲು ತನ್ನದೇ ರೆಕ್ಕೆಯ ಕಾರು ತಯಾರಿಸಿತ್ತು, ಸೂಪರ್‌ಬರ್ಡ್. 1970ಕ್ಕೆ ನಿಯಮ ಬಿಗಿಯಾಗಿ, ಇಬ್ಬರು ಡೀಲರಿಗೆ ಒಂದರಂತೆ ಕಾರು ಬೇಕಾಯಿತು. 1,900ಕ್ಕೂ ಹೆಚ್ಚು ಸೂಪರ್‌ಬರ್ಡ್‌ಗಳು ತಯಾರಾದವು.

ಅಲ್ಲಿ ಬಂತು ತೊಂದರೆ. ಲೆಮನ್ ಟ್ವಿಸ್ಟ್ ಹಳದಿಯ, ಲೈಮ್‌ಲೈಟ್ ಹಸಿರಿನ, ಪೆಟ್ಟಿಯವರ ಹೆಸರಿಗೇ ಅಂಟಿಕೊಂಡ ತಿಳಿನೀಲಿಯ ಈ ಕಾರು ಮನೆಯ ಗ್ಯಾರೇಜಿನಲ್ಲಿ ಸಲೀಸಾಗಿ ಹಿಡಿಯುತ್ತಿರಲಿಲ್ಲ. ಆ ಮೂತಿಯನ್ನು ಕಂಡು ಗಿರಾಕಿಗಳು ಹಿಂಜರಿದರು. ಹಿಂಗಾಜಿನ ಸುತ್ತ ಹೊಸ ತಗಡು ಬೆಸೆದ ಗುರುತು ಕಾಣದಿರಲೆಂದು ಪ್ರತಿ ಸೂಪರ್‌ಬರ್ಡ್ ಛಾವಣಿಗೂ ಕಪ್ಪು ವಿನೈಲ್ ಹೊದಿಸಿದ್ದರು, ಅಷ್ಟು ಅವಸರದ ಕೆಲಸ. ವರ್ಷ ಕಳೆದರೂ ಅವು ಡೀಲರುಗಳ ಅಂಗಳದಲ್ಲೇ ನಿಂತವು. ಬೇಸತ್ತ ಕೆಲವರು ಮೂತಿ, ರೆಕ್ಕೆ ಎರಡನ್ನೂ ಕಿತ್ತು ಮಾಮೂಲಿ ರೋಡ್ ರನ್ನರ್ ಮಾಡಿ ಮಾರಿಬಿಟ್ಟರು. 1971ಕ್ಕೆ ರೆಕ್ಕೆಯ ಕಾರುಗಳಿಗೆ 305 ಘನ ಇಂಚಿನ ಎಂಜಿನ್ ಮಾತ್ರ ಎಂದು ನ್ಯಾಸ್‌ಕಾರ್ ಕಟ್ಟು ಹಾಕಿತು. ಅವುಗಳ ಕತೆ ಟ್ರ್ಯಾಕಿನ ಮೇಲೆ ಅಲ್ಲಿಗೆ ಮುಗಿಯಿತು.

ಉಳಿದವುಗಳ ಕತೆಯೂ ಬೇಗ ಮುಗಿಯಿತು. ಮೊದಲ ಏಟು ಕೊಟ್ಟದ್ದು ವಿಮಾ ಕಂಪನಿಗಳು. ಇಪ್ಪತ್ತೈದು ದಾಟದ ಹುಡುಗ ದೊಡ್ಡ ಎಂಜಿನ್ನಿನ ಕಾರು ಕೊಂಡರೆ ಅವನ ವಿಮಾ ಕಂತು ಸಾಲದ ಕಂತಿನ ಜೊತೆ ಪೈಪೋಟಿಗೆ ಬೀಳುತ್ತಿತ್ತು. 1970ರ ಡಿಸೆಂಬರ್ 31ರಂದು ಅಧ್ಯಕ್ಷ ನಿಕ್ಸನ್ ಶುದ್ಧ ಗಾಳಿ ಕಾಯ್ದೆಗೆ ಸಹಿ ಹಾಕಿದರು. ಜನರಲ್ ಮೋಟಾರ್ಸ್ 1971ರ ಮಾದರಿಗಳಿಂದಲೇ ಎಂಜಿನ್ನುಗಳ ಒತ್ತಡದ ಅನುಪಾತ ತಗ್ಗಿಸಿತು, ಸೀಸ ಕಡಿಮೆ ಇರುವ ಪೆಟ್ರೋಲಿಗೆ ಹೊಂದಲೆಂದು. ಹೆಮಿ ಎಂಜಿನ್ 1971ಕ್ಕೆ ನಿಂತಿತು. ಆ ಕೊನೆಯ ವರ್ಷ ಮಡಚುವ ಛಾವಣಿಯ ಹೆಮಿ ಕುಡಾ, ಅಂದರೆ ಹೆಮಿ ಇಟ್ಟ ಬಾರ್ರಾಕುಡಾ, ತಯಾರಾದದ್ದು ಹನ್ನೊಂದೇ. ಪ್ಲಮ್ ಕ್ರೇಜಿಯೂ ಅದೇ ವರ್ಷ ಪಟ್ಟಿಯಿಂದ ಹೋಯಿತು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ಅಮೆರಿಕದ ಬೀದಿಗಳು ಕಂದು, ಕೆನೆ, ಆಲಿವ್ ಹಸಿರಿಗೆ ತಿರುಗಿದ್ದವು. ಚಾಲೆಂಜರ್ ಮತ್ತು ಬಾರ್ರಾಕುಡಾ 1974ರ ವಸಂತದಲ್ಲಿ ನಿಂತವು. ಡಾಜ್ ಮೇನ್ 1980ರ ಜನವರಿಯಲ್ಲಿ ಮುಚ್ಚಿತು. ಆ ಜಾಗದಲ್ಲಿ ಜನರಲ್ ಮೋಟಾರ್ಸ್ ತನ್ನ ಹೊಸ ಕಾರ್ಖಾನೆ ಕಟ್ಟಿತು.

ಎಪ್ಪತ್ತರ ದಶಕದ ಉದ್ದಕ್ಕೂ ಈ ಕಾರುಗಳು ಹಳೆಯ ಕಾರುಗಳಷ್ಟೇ. ನಾಲ್ಕನೆಯ ಮಾಲೀಕನ ಕೈಗೆ ಬಂದ ಗುಲಾಬಿ ಚಾಲೆಂಜರನ್ನು ಆತ ಅಗ್ಗದ ಪೇಂಟು ಅಂಗಡಿಗೆ ಒಯ್ದು ಕಪ್ಪೋ ಕೆಂಪೋ ಮಾಡಿಸಿಕೊಂಡ. ನೇರಳೆ ಕಾರುಗಳು ಬೆಳ್ಳಿಯಾದವು. ಮೂಲ ಎಂಜಿನ್ ಒಡೆದರೆ ಗುಜರಿಯಿಂದ ಬೇರೆ ಬಂತು. ಎಂಬತ್ತರ ದಶಕದ ಕೊನೆಗೆ, ಹುಡುಗರಾಗಿದ್ದಾಗ ಕೊಳ್ಳಲಾಗದವರು ನಲವತ್ತು ದಾಟಿ ಕೈಯಲ್ಲಿ ಹಣ ಬಂದಾಗ, ಹುಡುಕಾಟ ಶುರುವಾಯಿತು. ಆಗ ಬೇಕಾದದ್ದು ಸಾಕ್ಷಿ. ಯಾವ ಕಂಪನಿ ಕಡತ ಉಳಿಸಿಕೊಂಡಿತ್ತು ಎಂಬುದೇ ಕಾರಿನ ಬೆಲೆ ನಿರ್ಧರಿಸತೊಡಗಿತು. ಫೋರ್ಡ್ ಕಂಪನಿಯ 1967ರಿಂದ ಮುಂದಿನ ದಾಖಲೆಗಳು ಉಳಿದಿವೆ, ಮಾರ್ಟಿ ಆಟೋ ವರ್ಕ್ಸ್ ಎಂಬ ಸಂಸ್ಥೆ ಅವುಗಳಿಂದ ಒಂದೊಂದು ಕಾರಿನ ಜಾತಕ ತೆಗೆದುಕೊಡುತ್ತದೆ. ಪಾಂಟಿಯಾಕ್‌ನ ಬಿಲ್ಲುಗಳು ಉಳಿದಿವೆ. ಶೆವ್ರೊಲೆಯದ್ದು ಬಹುಮಟ್ಟಿಗೆ ಇಲ್ಲ. ಆದ್ದರಿಂದ ಕೋಪೊ ಕಮಾರೊ ಒಂದನ್ನು ನಿಜವೆಂದು ಸಾಧಿಸಲು ಡೀಲರಿನ ಹಳೆಯ ಕಾಗದ, ಎಂಜಿನ್ ಮೇಲಿನ ಅಚ್ಚು, ಹಿಂದಿನ ಮಾಲೀಕರ ನೆನಪು ಎಲ್ಲವನ್ನೂ ಸೇರಿಸಬೇಕು. ಕ್ರೈಸ್ಲರ್ ಕಾರಿಗೆ ಆ ತಗಡು ಪಟ್ಟಿ, ಸೀಟಿನಡಿಯ ಹಾಳೆ. ಅವುಗಳ ನಕಲಿಗಳೂ ಹುಟ್ಟಿಕೊಂಡವು.

ಒಳ್ಳೆಯ ಜೀರ್ಣೋದ್ಧಾರ ಮಾಡುವವರು ಇಂದು ಬಣ್ಣದ ದೋಷವನ್ನೂ ಮರಳಿ ತರುತ್ತಾರೆ. ಕಾರ್ಖಾನೆಯ ಬಣ್ಣ ಕನ್ನಡಿಯಂತೆ ನಯವಾಗಿರಲಿಲ್ಲ. ಕಿತ್ತಳೆ ಸಿಪ್ಪೆಯ ಒರಟು ಅದರಲ್ಲಿತ್ತು. ಕಾರಿನ ಹೊಟ್ಟೆಯಡಿ ಬೂದು ಪ್ರೈಮರಿನ ಮೇಲೆ ಮೈಬಣ್ಣದ ಸೀರು ಅಂಚುಗಳಲ್ಲಷ್ಟೇ ಬಿದ್ದು ನಡುವಿಗೆ ಹೋದಂತೆ ಮಾಯವಾಗುತ್ತಿತ್ತು. ತಪಾಸಣೆ ಮಾಡಿದವರ ಕ್ರೇಯಾನ್ ಗೀಟುಗಳಿದ್ದವು. ಪ್ರದರ್ಶನಗಳಲ್ಲಿ ತೀರ್ಪುಗಾರರು ನೆಲಕ್ಕೆ ಬೆನ್ನು ಹಚ್ಚಿ ಮಲಗಿ ಟಾರ್ಚು ಬಿಟ್ಟು ನೋಡುವುದು ಇದನ್ನೇ. 2014ರಲ್ಲಿ ಆ ಹನ್ನೊಂದು ಕುಡಾಗಳಲ್ಲಿ ಒಂದು, ನೀಲಿ ಬಣ್ಣದ್ದು, ಸಿಯಾಟಲ್‌ನ ಮೀಕಮ್ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು.

ಆ ಬೆಲೆಗಿಂತ ನನಗೆ ಹೆಚ್ಚು ಪ್ರಿಯವಾದದ್ದು ಒಂದು ಕಪ್ಪು ಚಾಲೆಂಜರ್. ಡೆಟ್ರಾಯ್ಟಿನ ಪೊಲೀಸ್ ಇಲಾಖೆಯಲ್ಲಿದ್ದ ಕಪ್ಪು ವರ್ಣದ ಯುವಕನೊಬ್ಬ 1969ರ ಕೊನೆಯಲ್ಲಿ ಡೀಲರಿನ ಮೇಜಿಗೆ ಕೂತು ಅದನ್ನು ತನಗೆಂದೇ ಬರೆಸಿದ. ಆರ್/ಟಿ ಮಾದರಿ, ಹೆಮಿ ಎಂಜಿನ್, ನಾಲ್ಕು ಗೇರು. ಆ ವರ್ಷ ಹೆಮಿ ಇಟ್ಟು ಹೊರಬಂದ ಚಾಲೆಂಜರ್ ಆರ್/ಟಿಗಳೇ 356. ಅದರ ಮೇಲೆ ಆತ ಎಸ್‌ಇ ಎಂಬ ಐಷಾರಾಮಿ ಒಳಾಂಗಣ, ಹಿಂಭಾಗಕ್ಕೆ ಬಿಳಿ ಪಟ್ಟಿ, ಛಾವಣಿಗೆ ಮೊಸಳೆಯ ಚರ್ಮದ ಅಚ್ಚಿನ ವಿನೈಲ್ ಕೇಳಿದ. ಸುತ್ತಲೂ ಎಲ್ಲರೂ ನೇರಳೆ, ಹಸಿರು ಎನ್ನುತ್ತಿದ್ದ ಕಾಲದಲ್ಲಿ ಮೈಗೆ ಕಪ್ಪು ಎಂದ. ಹಗಲು ಸಮವಸ್ತ್ರ ತೊಟ್ಟು ಕೆಲಸ, ರಾತ್ರಿ ಡೆಟ್ರಾಯ್ಟಿನ ರಸ್ತೆಗಳಲ್ಲಿ ಬೀದಿ ರೇಸು. ಬಂದು ಗೆದ್ದು ಹೋದರೆ ತಿಂಗಳುಗಟ್ಟಲೆ ಆ ಕಾರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಬ್ಲ್ಯಾಕ್ ಘೋಸ್ಟ್ ಎಂದು ಜನ ಕರೆದರು. ಕೆಲಸಕ್ಕೆ ಕುತ್ತು ಬರುವ ಗುಟ್ಟನ್ನು ಆತ ಮನೆಯವರಿಗೂ ಹೆಚ್ಚು ಬಿಟ್ಟುಕೊಡಲಿಲ್ಲ. ಎಪ್ಪತ್ತರ ದಶಕದ ನಡುವೆ ಕಾರು ಗ್ಯಾರೇಜು ಸೇರಿತು. 2015ರಲ್ಲಿ ತೀರಿಕೊಳ್ಳುವ ಮುನ್ನ ಕಾರನ್ನು, ಅದರ ಕಾಗದಪತ್ರಗಳನ್ನು ಮಗನ ಕೈಗಿಟ್ಟ. ಮಗ ಅದನ್ನು ಮತ್ತೆ ಓಡುವಂತೆ ಮಾಡಿದ, ಬಣ್ಣಕ್ಕೆ ಕೈಹಚ್ಚಲಿಲ್ಲ. 2020ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ವಾಹನಗಳ ದಾಖಲೆಗೆ ಸೇರಿತು.

ಡಾಜ್ ಕಂಪನಿ ಅದೇ ಹೆಸರಿನಲ್ಲಿ 2023ರ ಚಾಲೆಂಜರಿನ 300 ಕಾರುಗಳನ್ನು, ಛಾವಣಿಗೆ ಮೊಸಳೆ ಚರ್ಮದ ಅಚ್ಚಿಟ್ಟು, ಮೊದಲೇ ಎಣಿಸಿ ಹೊರತಂದಿತು. ಮೂಲ ಕಾರು ಅದೇ ವರ್ಷದ ಮೇ ತಿಂಗಳಲ್ಲಿ ಇಂಡಿಯಾನಾಪೊಲಿಸ್‌ನ ಹರಾಜಿಗೆ ಬಂತು. ಹ್ಯಾಮ್‌ಟ್ರ್ಯಾಮಿಕ್‌ನ ಕಪ್ಪು ಬಣ್ಣವೇ ಮೈಮೇಲಿತ್ತು, ಅಲ್ಲಲ್ಲಿ ಸವೆದು, ಗೀರು ಬಿದ್ದು. ಕೂಗು ನಿಂತದ್ದು 9,75,000 ಡಾಲರಿಗೆ.